ಅಮ್ಮನ ಉತ್ತರ ಬರುವ ಹೊತ್ತಿಗೆ

ನಮ್ಮಮ್ಮನಷ್ಟು ಬೇಗ ಉತ್ತರ ಕೊಡುವವರನ್ನು ನಾನು ನೋಡಿಲ್ಲ. ಬೆಂಗಳೂರಿನ ಅಂಚಿನ ನಮ್ಮ ಅಬ್ಬಿಗೆರೆ ಇನ್ನೂ ಹಳ್ಳಿಯಾಗಿದ್ದಾಗ ಹಸು ಕಟ್ಟಿ ಮನೆಮನೆಗೆ ಹಾಲು ಹಾಕಿದವಳು ಅವಳು. ಹಾಲು ಯಾಕೋ ತೆಳ್ಳಗಿದೆ ಎಂದು ಯಾರಾದರೂ ರಾಗ ಎಳೆಯುವಷ್ಟರಲ್ಲಿ, "ಅಂಗಾದ್ರೆ ನಾಳೆಯಿಂದ ನೀವೇ ಬಂದು ಕರ್ಕೊಳಿ" ಎಂದು ಹೇಳಿ ಮುಂದಿನ ಮನೆ ಸೇರಿರುತ್ತಿದ್ದಳು. ಅವಳ ಬಾಯಿಯೂ ಅವಸರವೂ ಮಗಳಾದ ನನಗೇ ಬಂದಿವೆ, ಅಣ್ಣನಿಗೆ ಬಂದಿಲ್ಲ.

ಅವಳು ಹೋಗಿ ವರ್ಷವಾಗುತ್ತಾ ಬಂತು. ವಿಚಿತ್ರವೆಂದರೆ, ನಾನು ಹಂಬಲಿಸುವುದು ಆ ಚುರುಕು ಬಾಯಿಗಲ್ಲ. ಕೊನೆಯ ತಿಂಗಳುಗಳಲ್ಲಿ ಅವಳು ತಡವಾಗಿ, ಒಂದೊಂದೇ ಪದ ಹುಡುಕಿಕೊಂಡು ಆಡುತ್ತಿದ್ದ ಮಾತಿಗೆ. ಅದನ್ನು ಕೇಳಿಸಿಕೊಳ್ಳುವುದನ್ನು ನಾನು ಕಲಿತದ್ದು ಮನೆಯಲ್ಲಲ್ಲ, ಆಫೀಸಿನಲ್ಲಿ.

ನನ್ನ ಆಫೀಸು ಹೆಬ್ಬಾಳದಲ್ಲಿ. ಕಂಪನಿಗಳು ತಮ್ಮ ಕಂಪ್ಯೂಟರುಗಳೊಳಗೆ ಕಳ್ಳರು ಎಲ್ಲಿಂದ ನುಗ್ಗಬಹುದೆಂದು ನಮ್ಮಿಂದ ಪರೀಕ್ಷೆ ಮಾಡಿಸುತ್ತವೆ. ಅವರಿಂದ ಬರಹದಲ್ಲಿ ಒಪ್ಪಿಗೆ ಪಡೆಯದೆ ನಾವು ಕೀಬೋರ್ಡ್ ಮುಟ್ಟುವುದಿಲ್ಲ. ಮೊದಲ ಕೆಲಸ ಪೋರ್ಟ್ ಸ್ಕ್ಯಾನ್. ಒಂದು ಕಂಪ್ಯೂಟರಿಗೆ ಸಾವಿರಾರು ಬಾಗಿಲುಗಳಿವೆ ಎಂದುಕೊಳ್ಳಿ, ಅವೇ ಪೋರ್ಟುಗಳು. ಒಂದೊಂದನ್ನೂ ತಟ್ಟುತ್ತಾ ಹೋಗುತ್ತೇವೆ. ಒಳಗಿನಿಂದ "ಬನ್ನಿ" ಎಂದರೆ ತೆರೆದಿದೆ. "ಇಲ್ಲೇನೂ ಇಲ್ಲ, ಹೋಗಿ" ಎಂದರೆ ಮುಚ್ಚಿದೆ. ಸದ್ದೇ ಬರದಿದ್ದರೆ ಮಾತ್ರ ಮುಚ್ಚಿದೆ ಎಂದು ಬರೆಯುವಂತಿಲ್ಲ. ನಡುವೆ ಯಾರೋ ತಡೆದಿರಬಹುದು. ಒಂದು ಬಾಗಿಲ ಮುಂದೆ ಎಷ್ಟು ಹೊತ್ತು ಕಾಯಬೇಕು ಎನ್ನುವುದನ್ನು ನಾವೇ ನಿಗದಿ ಮಾಡುತ್ತೇವೆ. ಕಡಿಮೆ ಇಟ್ಟಷ್ಟೂ ಕೆಲಸ ಬೇಗ ಮುಗಿಯುತ್ತದೆ. ನಾನು ಯಾವಾಗಲೂ ಕಡಿಮೆಯೇ ಇಡುತ್ತಿದ್ದೆ.

ಅಮ್ಮನಿಗೆ ಲಕ್ವ ಹೊಡೆದ ಮೇಲೆ ಬಲಗೈ ಬಿದ್ದುಹೋಯಿತು, ಮಾತು ಕೆಟ್ಟಿತು. ನಿಧಾನವಾಗಿ ಸುಧಾರಿಸಬಹುದು ಎಂದರು ಡಾಕ್ಟರು. ಸ್ವಲ್ಪ ದಿನಕ್ಕೆ ಪದಗಳೇನೋ ಬಂದವು, ಆದರೆ ಒಂದಕ್ಕೊಂದು ಸಂಬಂಧವಿಲ್ಲ. ನೋಡಲು ಬಂದ ನೆಂಟರು ಅತ್ತಿಗೆಯ ಕಿವಿಯಲ್ಲಿ, "ಬುದ್ಧಿ ಒಂಟೋಗೈತೆ ಕಣಮ್ಮ" ಎಂದು ಹೇಳಿ ಕಾಫಿ ಕುಡಿದು ಹೋದರು. ನನಗೆ ಮೈಯೆಲ್ಲ ಉರಿಯಿತು.

ಆದರೂ ಒಂದು ಬೆಳಿಗ್ಗೆ ನಾನೂ ಅದನ್ನೇ ನಂಬಿಬಿಟ್ಟೆ. ಅಣ್ಣ ಕೆಲಸಕ್ಕೆ ಹೊರಡುವ ಗಡಿಬಿಡಿಯಲ್ಲಿ, "ಅಮ್ಮಾ, ಫ್ಯಾನ್ ಹಾಕ್ಲಾ?" ಎಂದು ಕೇಳಿದ. ಅಮ್ಮ ಸುಮ್ಮನಿದ್ದಳು. ಅವನು ಶೂ ಹಾಕಿಕೊಳ್ಳಲು ಹೋದ. ನಾನು ಅವಳ ಮುಂದೆ ಕುಕ್ಕರುಗಾಲಲ್ಲಿ ಕೂತು, "ನಾನ್ ಯಾರು ಹೇಳಮ್ಮಾ" ಎಂದೆ. ಅಮ್ಮ ನನ್ನನ್ನು ಚೆನ್ನಾಗಿ ನೋಡಿ, "ಬ್ಯಾಡ" ಎಂದಳು. ನಾನು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ. ಅವಳು ಬದುಕಿದ್ದಾಳೆ, ಆದರೆ ಅವಳಿಗೆ ನಾನಿಲ್ಲ ಎನಿಸಿತು. ಪಕ್ಕದ ಕೋಣೆಯಲ್ಲೇ ಇದ್ದ ಅಮ್ಮನಿಗಾಗಿ ಹಾಗೆ ಹಂಬಲಿಸಿದ್ದನ್ನು ಯಾರಿಗೆ ಹೇಳುವುದು?

ಅದೇ ವಾರ ಕೆಲಸದಲ್ಲಿ ಎಡವಿದೆ. ಒಂದು ಕಂಪನಿಯ ಹಳೆಯ ಕಂಪ್ಯೂಟರೊಂದು ಊರಾಚೆಯ ಗೋದಾಮಿನಲ್ಲಿತ್ತು, ಅದಕ್ಕೆ ನಿಧಾನದ ಸಂಪರ್ಕ. ಅದರ ಯಾವ ಬಾಗಿಲಿನಿಂದಲೂ ಉತ್ತರವಿಲ್ಲ ಎಂದು ವರದಿ ಕಳಿಸಿದೆ. ಅವರ ಕಡೆಯವರು ಫೋನ್ ಮಾಡಿ, ಗೋದಾಮಿನ ಲೆಕ್ಕವೆಲ್ಲ ನಡೆಯುವುದೇ ಅದರ ಮೇಲೆ, ಉತ್ತರವಿಲ್ಲವೆಂದರೆ ಹೇಗೆ ಎಂದು ಕೇಳಿದರು. ನನ್ನ ಪಕ್ಕ ಕೂರುವ ಸಹೋದ್ಯೋಗಿ ಆರ್.ಟಿ. ನಗರದವನು. ಮನೆಯವರ ಜೊತೆ ಫೋನಿನಲ್ಲಿ ದಖನಿ ಉರ್ದು, ನಮ್ಮ ಜೊತೆ ಅಚ್ಚ ಬೆಂಗಳೂರು ಕನ್ನಡ. ಅವನು ಕುರ್ಚಿ ಎಳೆದುಕೊಂಡು ಬಂದು, ಸ್ಕ್ಯಾನ್ ಹೊತ್ತಿನಲ್ಲಿ ಹೋದದ್ದು ಬಂದದ್ದೆಲ್ಲ ದಾಖಲಾಗಿದ್ದ ಫೈಲು ತೆರೆದ.

"ನೋಡು ಗುರು, ಉತ್ತರ ಬಂದಿದೆ. ನೀನು ಮುಂದಿನ್ ಬಾಗ್ಲಿಗೆ ಹೋದ್ಮೇಲೆ ಬಂದಿದೆ."

"ಎಲ್ಲಾನೂ?"

"ಎಲ್ಲಾನೂ. ಮಶೀನ್ ಪಾಪ ಚೆನ್ನಾಗೇ ಇದೆ. ನೀನೇ ನಿಲ್ಲಲಿಲ್ಲ."

ಅದೃಷ್ಟಕ್ಕೆ, ಕಂಪ್ಯೂಟರಿನ ಪ್ರತಿ ಉತ್ತರದ ಮೇಲೂ ಅದು ಯಾವ ಬಾಗಿಲಿನದೆಂದು ನಮೂದಾಗಿರುತ್ತದೆ, ತಡವಾಗಿ ಬಂದರೂ ಜೋಡಿಸಬಹುದು. ಅವನು ಒಂದೊಂದನ್ನೇ ಬೆರಳಿಟ್ಟು ತೋರಿಸುತ್ತಿದ್ದ, "ಇದು ಇದಕ್ಕಲ್ಲ, ಅದರ ಹಿಂದಿಂದಕ್ಕೆ." ನಾನು ಪರದೆಯನ್ನು ನೋಡುತ್ತಿರಲಿಲ್ಲ. ಬ್ಯಾಡ. ಫ್ಯಾನು ಬ್ಯಾಡ. ಅಮ್ಮ ಅಣ್ಣನಿಗೆ ಉತ್ತರ ಕೊಟ್ಟಿದ್ದಳು.

ಮೈ ಸರಿಯಿಲ್ಲ ಎಂದು ಸುಳ್ಳು ಹೇಳಿ ಎದ್ದೆ. ವಿದ್ಯಾರಣ್ಯಪುರದವರೆಗೆ ಬಸ್ಸು, ಅಲ್ಲಿಂದ ಆಟೊ. ಮನೆಯಲ್ಲಿ ಅಮ್ಮ ನಡುಮನೆಯ ಕಿಟಕಿಯ ಪಕ್ಕ ಕೂತಿದ್ದಳು. ಚಪ್ಪಲಿ ಬಿಡುತ್ತಲೇ, "ಅಮ್ಮಾ, ಕಾಫಿ ಕುಡೀತೀಯಾ?" ಎಂದೆ. ಸುಮ್ಮನಿದ್ದಳು. ಅಡುಗೆಮನೆಯಿಂದ ಬಂದ ಅತ್ತಿಗೆ, "ಅತ್ತೆ, ಟೀವಿ..." ಎಂದು ಶುರುಮಾಡಿದರು. ಅವರ ಕೈ ಹಿಡಿದು ನಿಲ್ಲಿಸಿದೆ. ಇಬ್ಬರೂ ಬಾಯಿ ಮುಚ್ಚಿಕೊಂಡು ನಿಂತೆವು. ಅತ್ತಿಗೆಗೆ ನನ್ನ ಬುದ್ಧಿಯ ಮೇಲೇ ಅನುಮಾನ ಬಂದಿರಬೇಕು. ಇನ್ನು ಬರುವುದಿಲ್ಲ ಎಂದುಕೊಳ್ಳುವಾಗ ಅಮ್ಮ, "ವಸಿ... ಕೊಡು" ಎಂದಳು. ಅತ್ತಿಗೆ ಸೆರಗು ಬಾಯಿಗಿಟ್ಟುಕೊಂಡು ಒಳಗೆ ಹೋದರು. ಕಾಫಿ ಬೆರೆಸುವ ಸದ್ದಿನ ಜೊತೆ ಅವರು ಮೂಗೆಳೆದುಕೊಳ್ಳುವ ಸದ್ದೂ ಕೇಳುತ್ತಿತ್ತು.

ನನಗೆ ಬೇಕಾಗಿದ್ದು ಇನ್ನೊಂದು ಉತ್ತರ. ಕೇಳಲು ಭಯವಾಯಿತು. ಇಷ್ಟು ದಿನ ಅವಳ ಮಾತು ಕೆಟ್ಟಿದೆ ಎನ್ನುವ ನೆಪವಾದರೂ ಇತ್ತು. ಇವತ್ತು ಬರುವುದು ಅವಳ ನಿಜವಾದ ಉತ್ತರ. ಅಮ್ಮ ಕಾಫಿ ಕುಡಿದು ಮುಗಿಸಿದ ಮೇಲೆ ಬಾಯಿ ಒರೆಸಿ, ಎದುರಿಗೆ ಕೂತೆ.

"ನಾನ್ ಯಾರಮ್ಮಾ?"

ಪಕ್ಕದ ಮನೆಯ ಮಿಕ್ಸಿ ಶುರುವಾಯಿತು, ನಿಂತಿತು. ರಸ್ತೆಯಲ್ಲಿ ನೀರಿನ ಟ್ಯಾಂಕರು ಹಿಂದಕ್ಕೆ ಬರುತ್ತಾ ಕೂಗಿಕೊಂಡಿತು. ಮತ್ತೆ ಕೇಳಲು ನಾಲಿಗೆ ತುದಿಯವರೆಗೆ ಬಂದದ್ದನ್ನು ನುಂಗಿಕೊಂಡೆ. ಅಮ್ಮನ ತುಟಿ ಅಲುಗಿ ಸುಮ್ಮನಾಯಿತು. ಆಮೇಲೆ ಅವಳು ಎಡಗೈ ಎತ್ತಿ ನನ್ನ ಕುತ್ತಿಗೆಯ ಮೂಳೆ ಸವರಿದಳು.

"ಇಂಗ್ಯಾಕವ್ವಾ... ಸೊರಗೋಗಿದ್ದೀಯ" ಎಂದಳು. ಸ್ವಲ್ಪ ತಡೆದು, "ಉಂಡ್ಯಾ?" ಎಂದಳು.

ನನಗೆ ಹೂಂ ಎನ್ನಲೂ ಆಗಲಿಲ್ಲ, ಇಲ್ಲ ಎನ್ನಲೂ ಆಗಲಿಲ್ಲ. ಅಮ್ಮ ಮತ್ತೆ ಕೇಳಲಿಲ್ಲ, ಕಣ್ಣು ಬೇರೆ ಕಡೆ ತಿರುಗಿಸಲಿಲ್ಲ. ಕೈಯನ್ನು ಅಲ್ಲೇ ಇಟ್ಟುಕೊಂಡು, ನಾನು ಉತ್ತರ ಕೊಡುವವರೆಗೂ ಕಾದಳು.