ಬೀಗಿತ್ತಿ ಕೊಟ್ಟ ಇಳಕಲ್ ಸೀರೆ

ಸೀರೆಯ ವಿಷಯದಲ್ಲಿ ನನಗೆ ಕೊಬ್ಬಿತ್ತು, ಈಗ ಒಪ್ಪಿಕೊಳ್ಳುತ್ತೇನೆ. ಕಣ್ಣು ಮುಚ್ಚಿ ಮುಟ್ಟಿದರೂ ಸಾಕು, ಇದು ಮೈಸೂರು ಸಿಲ್ಕ್, ಇದು ಮೊಳಕಾಲ್ಮೂರು, ಇದು ಕಂಚಿ ಎಂದು ಹೇಳಿಬಿಡುತ್ತಿದ್ದೆ. ಜಯನಗರ ನಾಲ್ಕನೇ ಬ್ಲಾಕಿನ ಅಂಗಡಿಗಳಿಗೆ ನಾನು ಕಾಲಿಟ್ಟರೆ ಅಲ್ಲಿಯವರು ಮೇಲಿನ ಸಾಲಿನ ಸೀರೆಗಳನ್ನು ಇಳಿಸಲು ಶುರುಮಾಡುತ್ತಾರೆ, ನಮ್ಮ ಯಜಮಾನರು ಕೂರಲು ಸ್ಟೂಲ್ ಹುಡುಕುತ್ತಾರೆ. ಇಂಥ ನನ್ನ ಬೀರುವಿನಲ್ಲಿ ಇಳಕಲ್ ಸೀರೆ ಮಾತ್ರ ಒಂದೂ ಇರಲಿಲ್ಲ. ಯಾಕೋ ಆ ಕಡೆ ಕೈ ಹೋಗಿರಲಿಲ್ಲ.

ಹೋದ ವರ್ಷ ಮಗನ ಮದುವೆ ಇಳಕಲ್ಲಿನ ಹುಡುಗಿಯ ಜೊತೆ ಆಯಿತು. ಮದುವೆಯಲ್ಲಿ ಸೊಸೆಯ ತಾಯಿ, ಅಂದರೆ ನಮ್ಮ ಬೀಗಿತ್ತಿ, ನನಗೆ ಒಂದು ಇಳಕಲ್ ಸೀರೆ ಕೊಟ್ಟರು. ಮನೆಗೆ ಬಂದು ಆಸೆಯಿಂದ ಬಿಡಿಸಿದೆ. ಕಡುನೀಲಿ ಹತ್ತಿಯ ಮೈ, ಕೆಂಪು ರೇಷ್ಮೆಯ ಸೆರಗು. ಎರಡೂ ಕೂಡುವ ಕಡೆ ಅಡ್ಡಕ್ಕೆ ಒಂದು ಗೆರೆ! ಪಿತ್ತ ನೆತ್ತಿಗೇರಿತು.

“ರೀ, ಯಾವುದೋ ಸೆರಗು ತಂದು ಜಾಯಿಂಟ್ ಮಾಡಿರೋ ಸೀರೆ ಕೊಟ್ಟಿದಾರೆ ನೋಡಿ!”

“ಚೆನ್ನಾಗೇ ಇದೆಯಲ್ಲೇ,” ಎಂದರು ಯಜಮಾನರು. ಅವರಿಗೆ ಎಲ್ಲ ಸೀರೆಯೂ ಚೆನ್ನಾಗೇ ಇರುತ್ತದೆ.

ಮುಂದಿನ ಭಾನುವಾರ ಬೀಗಿತ್ತಿ ಮೊದಲ ಸಲ ಪದ್ಮನಾಭನಗರದ ನಮ್ಮ ಮನೆಗೆ ಊಟಕ್ಕೆ ಬರುವವರಿದ್ದರು. ಅವರು ಕೊಟ್ಟ ಸೀರೆಯನ್ನೇ ಉಡಬೇಕಲ್ಲ? ಫಾಲ್ ಹಾಕುವಾಕೆಯ ಅಂಗಡಿಗೆ ತೆಗೆದುಕೊಂಡು ಹೋದೆ.

“ಈ ಗೆರೆ ಉದ್ದಕ್ಕೂ ಒಂದು ಮಷೀನ್ ಹೊಲಿಗೆ ಓಡಿಸಿಬಿಡಮ್ಮ. ಬಿಟ್ಟುಗಿಟ್ಟು ಹೋದೀತು.”

“ಆಂಟಿ, ಇದು ಇರೋದೇ ಹಿಂಗೇನೋ…”

“ನಲವತ್ತು ವರ್ಷದಿಂದ ಸೀರೆ ಉಡ್ತಿದೀನಿ. ನಂಗೇ ಹೇಳ್ಕೊಡ್ತೀಯಾ?”

ಆಕೆ ಸೀರೆ ಮಡಿಸಿ ಮಷೀನಿನ ಪಕ್ಕಕ್ಕಿಟ್ಟುಕೊಂಡಳು. ಮಾರನೆಯ ಬೆಳಿಗ್ಗೆ ಬೀಗಿತ್ತಿಯ ಫೋನು.

“ಅಕ್ಕಾರ, ಸೀರಿ ಉಟ್ಟು ನೋಡಿದ್ರೇನು? ಸೆರಗಿನ ಕೊಂಡಿ ನಾನಽ ಹಾಕೀನ್ರಿ. ಮೈ ಎಳಿ, ಸೆರಗಿನ ಎಳಿ ಒಂದೊಂದಽ ಹಿಡದು ಕೂಡಿಸೂದು, ಆಮ್ಯಾಲೆ ನೇಯೂದು. ಈಗ ಕಣ್ಣು ಕಾಣವಲ್ವು. ನಿಮ್ಮ ಸೀರಿನಽ ಕೊನೀದು.”

ನಾನು ಜಾಯಿಂಟ್ ಎಂದು ಹೀಯಾಳಿಸಿದ್ದು ಅವರು ಕಣ್ಣು ಸವೆಸಿ ಹಾಕಿದ ಕೊಂಡಿಗಳನ್ನು! ಅಂಗಡಿಯಾಕೆಗೆ ಫೋನ್ ಮಾಡಿದೆ, ಎತ್ತಲಿಲ್ಲ. ಯಜಮಾನರನ್ನು ಪೇಪರಿನಿಂದ ಎಬ್ಬಿಸಿ ಸ್ಕೂಟರ್ ಹತ್ತಿದೆ. ಕಾಲಲ್ಲಿ ಬಚ್ಚಲು ಚಪ್ಪಲಿ. ದಾರಿಯುದ್ದಕ್ಕೂ “ಹಾರ್ನ್ ಹೊಡೀರಿ, ಹಾರ್ನ್ ಹೊಡೀರಿ” ಎಂದು ಅವರ ಬೆನ್ನಿಗೆ ಗುದ್ದಿದೆ.

ಅಂಗಡಿಯಾಕೆ ನಗುತ್ತಾ ಸೀರೆ ಮುಂದಿಟ್ಟಳು. “ಗಟ್ಟಿಯಾಗಿರ್ಲಿ ಅಂತ ಎರಡು ಸಲ ಓಡ್ಸಿದೀನಿ ಆಂಟಿ.”

ಬೈಯಲು ಬಾಯಿ ಎಲ್ಲಿತ್ತು? ಮೂರು ಮಧ್ಯಾಹ್ನ ಬಾಲ್ಕನಿಯಲ್ಲಿ ಕೂತು ಸೂಜಿಯ ತುದಿಯಲ್ಲಿ ಹೊಲಿಗೆ ಬಿಚ್ಚಿದೆ. ದಾರ ಬಿಚ್ಚಿದ ಹಾಗೆಲ್ಲ ಒಳಗಿನ ಕೊಂಡಿಗಳು ಕಂಡವು. ನೀಲಿ ಎಳೆಯ ಕುಣಿಕೆಯೊಳಗೆ ಕೆಂಪು ಎಳೆಯ ಕುಣಿಕೆ, ಪಕ್ಕದಲ್ಲಿ ಇನ್ನೊಂದು, ಅದರ ಪಕ್ಕದಲ್ಲಿ ಮತ್ತೊಂದು, ಈ ಅಂಚಿನಿಂದ ಆ ಅಂಚಿನವರೆಗೆ. “ಅಯ್ಯೋ, ಬಂದು ನೋಡ್ರೀ!” ಎಂದು ಯಜಮಾನರನ್ನು ಹತ್ತು ಸಲ ಕೂಗಿ ಕರೆದೆ. ಆ ಸಂಕಟದಲ್ಲೂ ಅಷ್ಟು ಖುಷಿ. ಇನ್ನೇನು ಮುಗಿಯಿತು ಅನ್ನುವಾಗ ಸೂಜಿ ಜಾರಿತು. ಒಂದು ಕೊಂಡಿ ಹರಿಯಿತು.

ಭಾನುವಾರ ಅದೇ ಸೀರೆ ಉಟ್ಟೆ. ಹರಿದ ಜಾಗ ಹೆಗಲ ನೆರಿಗೆಯೊಳಗೆ ಮುಚ್ಚಿ ಹೋಗುತ್ತಿತ್ತು, ಹೇಳದಿದ್ದರೂ ನಡೆಯುತ್ತಿತ್ತು. ಆದರೆ ಬೀಗಿತ್ತಿ ಒಳಗೆ ಬಂದವರೇ ಸೀರೆಯನ್ನು ಕಣ್ಣಿನ ಹತ್ತಿರಕ್ಕೆ ಹಿಡಿದು ನೋಡಿದರು, ಮತ್ತೆ ಬಿಟ್ಟು ಬೆರಳಲ್ಲಿ ಸವರಿದರು. ನನಗೆ ತಡೆಯಲಾಗಲಿಲ್ಲ. ಜಾಯಿಂಟ್ ಅಂದಿದ್ದು, ಮಷೀನ್ ಹೊಲಿಗೆ, ಹರಿದಿದ್ದು, ಎಲ್ಲವನ್ನೂ ಒಂದೇ ಉಸಿರಿಗೆ ಒದರಿಬಿಟ್ಟೆ.

ಅವರು ನನ್ನ ಪಕ್ಕ ಬಂದು ಕೂತರು. ಆಮೇಲೆ ಸೆರಗನ್ನು ಎಳೆದುಕೊಂಡು, ಹರಿದ ಜಾಗವನ್ನು ಬೆರಳಲ್ಲೇ ಹುಡುಕಿ, ತುದಿಯ ಕುಚ್ಚಿನಿಂದ ಒಂದು ಕೆಂಪು ಎಳೆ ಕಿತ್ತು ನನ್ನ ಕೈಗೆ ಕೊಟ್ಟರು. “ನನಗ ಕಾಣೂದಿಲ್ರಿ. ನಾ ಹೇಳ್ತೀನಿ, ನೀವು ಹಾಕ್ರಿ.”

ಎರಡು ಸಲ ತಪ್ಪಿತು. ಮೂರನೆಯ ಸಲ ಕೊಂಡಿ ಬಿತ್ತು. ಅವರು ಬೆರಳಾಡಿಸಿ ನಕ್ಕರು. “ಇದೊಂದು ನಂದಲ್ಲ. ಗಂಟು ದಪ್ಪಾತು.”

“ಬಿಚ್ಚಿ ಇನ್ನೊಂದು ಸಲ ಹಾಕ್ಲಾ?” ಎಂದೆ.

“ಬ್ಯಾಡ್ರಿ ಅಕ್ಕಾರ, ಇರ್ಲಿ. ಮುಂದ ಕಣ್ಣು ಪೂರಾ ಹೋದ ಮ್ಯಾಲೂ, ಇದನ್ನ ಮುಟ್ಟಿದ್ರ ನೀವು ಬಂದೀರಿ ಅಂತ ಗೊತ್ತಾಕ್ಕೈತಿ.”