ಕಾಕಾ ಡಾಕ್ಟರಿಗೆ ಹೇಳಿದ ಮಾತು

ಅದು ಎರಡು ವರ್ಷದ ಹಿಂದಿನ ಶ್ರಾವಣ. ಹುಬ್ಬಳ್ಳಿಯ ಬೆಂಗೇರಿಯಲ್ಲಿ ನಮ್ಮ ಮನೆ. ನಮ್ಮ ಮನೆಯವರದು ಪಂಪ್‌ಸೆಟ್ ಮೋಟಾರು ರಿಪೇರಿ ಮಾಡುವ ಪುಟ್ಟ ಅಂಗಡಿ, ನಾನು ಮನೆಯಲ್ಲೇ ಸೀರೆಗಳಿಗೆ ಫಾಲ್, ಪಿಕೋ ಹಾಕಿಕೊಡುತ್ತೇನೆ. ಕೆಲವು ವಾರಗಳಿಂದ ಅವರಿಗೆ ಭೇದಿ ನಿಂತಿರಲಿಲ್ಲ. ಅಂದು ಬೆಳಿಗ್ಗೆ ಬಚ್ಚಲಿನಿಂದ ಹೊರಬಂದವರು ಗೋಡೆ ಹಿಡಿದು, "ರಕ್ತ ಹೊಂಟೈತಿ ಶೈಲಾ" ಎಂದವರೇ ಕುಸಿದು ಕುಳಿತರು.

ಪುಣ್ಯಕ್ಕೆ ಧಾರವಾಡದ ಹತ್ತಿರದ ತಮ್ಮ ಹಳ್ಳಿ ಮುಗದದಿಂದ ಕಾಕಾ ಬಂದಿದ್ದರು. ಕಾಕಾ ಎಂದರೆ ನಮ್ಮ ಮಾವನವರ ತಮ್ಮ. ಮಾವ ಬೇಗ ತೀರಿಕೊಂಡಿದ್ದರಿಂದ ನಮ್ಮ ಮನೆಯವರನ್ನು ಸಾಕಿ ದೊಡ್ಡವರನ್ನಾಗಿ ಮಾಡಿದವರು ಅವರೇ. ನಮ್ಮ ಕಡೆ ಆಸ್ಪತ್ರೆಗೆ ಹೋದರೆ ರೋಗಿ ಬಾಯಿ ಬಿಡುವ ಪದ್ಧತಿಯೇ ಇಲ್ಲ, ಜೊತೆಗೆ ಬಂದ ಹಿರಿಯರೇ ಎಲ್ಲ ಹೇಳುತ್ತಾರೆ. ನಮ್ಮ ಬಳಗದಲ್ಲಿ ಆ ಕೆಲಸ ಕಾಕಾನದು. ಯಾರಿಗೆ ಏನಾದರೂ ಮೊದಲು ಅವರಿಗೇ ಫೋನ್ ಹೋಗುತ್ತದೆ. ಅಂದೂ ಆಸ್ಪತ್ರೆಯಲ್ಲಿ ಡಾಕ್ಟರ್ "ಯಾವಾಗಿನಿಂದ ತೊಂದರೆ?" ಎಂದು ಕೇಳಿದ್ದೇ ತಡ, "ಸಣ್ಣಾಂವ ಇದ್ದಾಗಿಂದ ಇವನ ಹೊಟ್ಟಿ ಹಿಂಗ ಐತ್ರಿ ಸಾಹೇಬ್ರ! ಲಗೂ ನೋಡ್ರಿ, ಕೈ ಮುಗೀತೇನಿ" ಎಂದು ಅಲ್ಲಿದ್ದವರೆಲ್ಲ ತಿರುಗಿ ನೋಡುವಂತೆ ಕೂಗಿದರು. ತಕ್ಷಣ ಒಳಗೆ ಕರೆದುಕೊಂಡರು. ಬಾಯಿ ಇದ್ದವನು ಬರದಲ್ಲೂ ಬದುಕಿದ ಅನ್ನುತ್ತಾರಲ್ಲ, ಇಂಥವರು ಮನೆಗೊಬ್ಬರಿರಬೇಕು ಅಂದುಕೊಂಡೆ.

ದೊಡ್ಡ ಕರುಳಿನ ತುಂಬ ಹುಣ್ಣಾಗಿತ್ತು. ಇದು ಪೂರ್ತಿ ವಾಸಿಯಾಗುವ ಕಾಯಿಲೆಯಲ್ಲ, ಹತೋಟಿಯಲ್ಲಿ ಇಟ್ಟುಕೊಳ್ಳಬೇಕು ಎಂದರು ಡಾಕ್ಟರ್. ಎರಡು ತಿಂಗಳಿಗೊಮ್ಮೆ ಆಸ್ಪತ್ರೆಯಲ್ಲಿ ಮಲಗಿ, ಸಲಾಯಿನ್ ಏರಿಸಿದ ಹಾಗೆ ಒಂದು ದುಬಾರಿ ಔಷಧಿ ಏರಿಸಿಕೊಳ್ಳಬೇಕಿತ್ತು. ತಪ್ಪಿಸಿದರೆ ಮತ್ತೆ ರಕ್ತ ಹೋಗಬಹುದು, ಕರುಳನ್ನೇ ತೆಗೆಯುವ ಪರಿಸ್ಥಿತಿ ಬರಬಹುದು ಎಂದು ಹೆದರಿಸಿದರು. ನಾನು ಹೆದರಿದರೂ ಒಳಗೊಳಗೇ ಧೈರ್ಯವಿತ್ತು. ಅದಕ್ಕೂ ಮೂರು ವರ್ಷ ಮೊದಲೇ ಆರೋಗ್ಯ ವಿಮೆ ಮಾಡಿಸಿದ್ದೆವು, ಒಂದು ಕಂತೂ ತಪ್ಪಿಸಿರಲಿಲ್ಲ.

ಕ್ಲೇಮಿಗೆ ಹಾಕಿದ ಕೆಲವು ವಾರಗಳ ಮೇಲೆ ಉತ್ತರ ಬಂತು. ಮೊದಲೇ ಇದ್ದ ಕಾಯಿಲೆಯನ್ನು ಮುಚ್ಚಿಟ್ಟು ಪಾಲಿಸಿ ಪಡೆದಿದ್ದೀರಿ, ಆದ್ದರಿಂದ ಕ್ಲೇಮು ಇಲ್ಲ, ಪಾಲಿಸಿಯೂ ರದ್ದು. ಮುಚ್ಚಿಟ್ಟಿದ್ದೇವೆಯೇ? ಪಾಲಿಸಿ ಮಾಡಿಸುವಾಗ ಈ ಮನುಷ್ಯನಿಗೆ ನೆಗಡಿ ಬಿಟ್ಟರೆ ಬೇರೆ ಏನೂ ಗೊತ್ತಿರಲಿಲ್ಲ!

ಮರುದಿನವೇ ವಿಮಾ ಕಂಪನಿಯ ಕಚೇರಿಗೆ ಹೋಗಿ ಜಗಳಕ್ಕೇ ನಿಂತೆ. ಅಲ್ಲಿದ್ದ ಹುಡುಗಿ ಪಾಪ, ಏನೂ ಬೇಸರಿಸಿಕೊಳ್ಳದೆ ಆಸ್ಪತ್ರೆಯ ಕಾಗದದ ಒಂದು ಸಾಲು ತೋರಿಸಿದಳು. 'ಬಾಲ್ಯದಿಂದಲೂ ಹೊಟ್ಟೆಯ ತೊಂದರೆ ಇದೆ ಎಂದು ಚಿಕ್ಕಪ್ಪನ ಹೇಳಿಕೆ.' ಬಾಲ್ಯದಲ್ಲಿ ಮಿರ್ಚಿ ಭಜಿ ತಿಂದು ಹೊಟ್ಟೆ ಹಿಡಿದುಕೊಳ್ಳದವರು ನಮ್ಮ ಜಿಲ್ಲೆಯಲ್ಲಿ ಯಾರಿದ್ದಾರೆ ಹೇಳಿ! ಆದರೆ ಅವಳಿಗೆ ಏನೆಂದು ವಾದಿಸಲಿ? ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಬಸ್ಸಿನಲ್ಲಿ ಬರುತ್ತ ಕಾಕಾನ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಡಾಕ್ಟರರ ಬಳಿ ಓಡಿದೆ. ಈ ಕಾಯಿಲೆ ಇತ್ತೀಚೆಗೆ ಶುರುವಾದಂತೆ ಕಾಣುತ್ತದೆ ಎಂದು ಬರೆದುಕೊಟ್ಟರು. ಕಂಪನಿಯವರು ಅದನ್ನೂ ಒಪ್ಪಲಿಲ್ಲ. ಕೊನೆಗೆ ಇಂಥ ತಕರಾರುಗಳನ್ನು ತೀರಿಸಲೆಂದೇ ಇರುವ ವಿಮಾ ಒಂಬುಡ್ಸ್‌ಮನ್ ಅವರಿಗೆ ದೂರು ಕೊಟ್ಟೆವು. ವಕೀಲರು ಬೇಕಿಲ್ಲ, ನೀವೇ ವಿಡಿಯೋ ಕಾಲಿನಲ್ಲಿ ಮಾತನಾಡಬೇಕು ಎಂದು ಅಲ್ಲಿಂದ ತಿಳಿಸಿದರು.

ವಿಚಾರಣೆಗೆ ಇನ್ನೂ ದಿನಗಳಿದ್ದವು. ಔಷಧಿಯನ್ನು ಹೇಗೋ ಒಮ್ಮೆ ಕೈಯಿಂದಲೇ ದುಡ್ಡು ಹಾಕಿ ಏರಿಸಿದೆವು. ಮುಂದಿನ ಸಲಕ್ಕೆ ಇವರು, "ಈಗ ಆರಾಮ ಅದೇನಿ, ಸ್ವಲ್ಪ ದಿನ ಬ್ಯಾಡ ಬಿಡು" ಎಂದು ಶುರು ಮಾಡಿದರು. ಆರಾಮಿರಲಿಲ್ಲ, ನನಗೆ ಗೊತ್ತಿತ್ತು. ಬಚ್ಚಲಿಗೆ ಹೋದವರು ಬಹಳ ಹೊತ್ತು ನೀರು ಸುರಿಯುತ್ತಿದ್ದರು. ನಾನು ಬಾಗಿಲ ಹೊರಗೆ ಕಳ್ಳಿಯಂತೆ ನಿಂತು ಕಿವಿಗೊಡುತ್ತಿದ್ದೆ. ಹೊರಬಂದರೆ ಅವರ ಮುಖ ನೋಡುತ್ತಿದ್ದೆ, ಅವರು ನನ್ನ ಮುಖ ನೋಡುತ್ತಿರಲಿಲ್ಲ.

ಕಾಕಾ ಬಂದು ನಿಜ ಹೇಳಿದರೆ ಮಾತ್ರ ದಾರಿಯಿತ್ತು. ಇವರು ಸುತರಾಂ ಒಪ್ಪಲಿಲ್ಲ. "ನನ್ನ ಸಲುವಾಗಿ ಕಾಕಾ ಮಂದಿ ಮುಂದ ಸುಳ್ಳಗಾರ ಆಗಬೇಕೇನ? ಬ್ಯಾಡ" ಎಂದರು. ನಾನು ಇವರಿಗೆ ಹೇಳದೆ ಮುಗದಕ್ಕೆ ಹೋದೆ. ಬೈಯಬೇಕೆಂದೇ ಹೋಗಿದ್ದೆ. ಕಾಕಾ ಕಟ್ಟೆಯ ಮೇಲೆ ಕುಳಿತು ಎಲ್ಲ ಕೇಳಿಸಿಕೊಂಡರು.

"ನನ್ನ ಮಾತಿನಿಂದ ಆತೇನವಾ?"

"ಹೌದ್ರಿ ಕಾಕಾ."

ಅಷ್ಟು ಮಾತಿನ ಮನುಷ್ಯ "ಬರ್ತೇನಿ" ಎಂದಷ್ಟೇ ಹೇಳಿ ಒಳಗೆ ಎದ್ದುಹೋದರು. ನನ್ನ ಬೈಗುಳ ಬಾಯಲ್ಲೇ ಉಳಿಯಿತು.

ವಿಚಾರಣೆಯ ದಿನ ಫೋನನ್ನು ಹೊಲಿಗೆ ಮಷಿನ್ನಿಗೆ ಆನಿಸಿ ಮೂವರೂ ಕುಳಿತೆವು. ಕಾಕಾ ಇಸ್ತ್ರಿ ಮಾಡಿದ ಧೋತರ ಉಟ್ಟು ರುಮಾಲು ಸುತ್ತಿಕೊಂಡು ಬಂದಿದ್ದರು. ಕಂಪನಿಯ ಪ್ರತಿನಿಧಿ ಆ ಸಾಲನ್ನೇ ಓದಿದರು. ನಾನು ತೊದಲುತ್ತ ನಮ್ಮ ಕಥೆ ಹೇಳಿದೆ. ಆಗ ಅಧಿಕಾರಿ ಕಾಕಾನನ್ನು ಕೇಳಿದರು, "ಹಾಗಾದರೆ ಯಜಮಾನರೇ, ಡಾಕ್ಟರಿಗೆ ನೀವು ಸುಳ್ಳು ಹೇಳಿದಿರಾ?"

"ಹೌದ್ರಿ. ಸುಳ್ಳ ಹೇಳಿದೆ."

"ಏಕೆ?"

ಕಾಕಾ ಫೋನನ್ನು ಬಿಟ್ಟು ತಮ್ಮ ಕೈ ನೋಡಿಕೊಳ್ಳುತ್ತ ಹೇಳಿದರು: "ನಮ್ಮ ಮನಿಯಾಕಿನ್ನ ದವಾಖಾನಿಗೆ ಕರಕೊಂಡ ಹೋದಾಗ ಖರೇ ಹೇಳಿದ್ದೆರಿ. ನಿನ್ನಿಯಿಂದ ಹೊಟ್ಟಿ ನೋಯಾಕತ್ತೈತಿ ಅಂದೆ. ಬರೇ ನಿನ್ನಿಯಿಂದ ಅಂದ್ರ ಅವಸರ ಇಲ್ಲ, ಕೂಡ್ರಿ ಅಂದ್ರು. ಕುಂತ್ವಿ. ಕರಿಯೂದರಾಗ ಕುಂತಲ್ಲೇ ಹೋಗಿಬಿಟ್ಟಳು. ಅವತ್ತಿಂದ ಯಾರನ್ನ ಕರಕೊಂಡ ಹೋದರೂ ಭಾಳ ವರ್ಷದ ತ್ರಾಸ ಅಂತ ಹೇಳ್ತೇನ್ರಿ. ಲಗೂ ನೋಡ್ತಾರ."

ಕಂಪನಿಯ ಪ್ರತಿನಿಧಿ ತಲೆ ತಗ್ಗಿಸಿದ್ದರು. ಚಿಗವ್ವ, ಅಂದರೆ ಕಾಕಾನ ಹೆಂಡತಿ, ಹೊಟ್ಟೆನೋವಿನಿಂದ ತೀರಿಕೊಂಡಳೆಂಬುದಷ್ಟೇ ನಮ್ಮ ಮನೆಯವರಿಗೆ ಗೊತ್ತಿತ್ತು. ಹೇಗೆ ಎಂಬುದನ್ನು ಕಾಕಾ ಯಾರಿಗೂ ಹೇಳಿರಲಿಲ್ಲ. ಇವರು ಕಾಕಾನ ಮೊಣಕಾಲಿನ ಮೇಲೆ ಕೈಯಿಟ್ಟರು. ಬೈಯಲು ಹೋಗಿದ್ದ ನನಗೆ ಎಲ್ಲಿ ಮುಖ ಮುಚ್ಚಿಕೊಳ್ಳಲಿ ಎನಿಸಿತು.

ಅಧಿಕಾರಿ ಡಾಕ್ಟರರ ಪತ್ರವನ್ನು ಇನ್ನೊಮ್ಮೆ ತರಿಸಿಕೊಂಡು, ತೀರ್ಪು ಆಮೇಲೆ ತಿಳಿಸುತ್ತೇವೆ ಎಂದರು. ಕಾಯುವುದು ಎಂಥ ಶಿಕ್ಷೆ ಎಂದು ಆಗ ತಿಳಿಯಿತು. ಅಷ್ಟರಲ್ಲಿ ಇವರಿಗೆ ಮತ್ತೆ ರಕ್ತ ಕಾಣಿಸಿಕೊಂಡಿತು. ಫೋನು ಸದ್ದು ಮಾಡಿದರೆ ಸಾಕು, ಹೊಲಿಗೆ ಬಿಟ್ಟು ಓಡುತ್ತಿದ್ದೆ. ಕೊನೆಗೆ ತೀರ್ಪು ಬಂತು. ಕ್ಲೇಮು ಕೊಡಬೇಕು, ಪಾಲಿಸಿ ಮುಂದುವರಿಸಬೇಕು. ನಾನು ಮಷಿನ್ನಿನ ಮೇಲೆ ತಲೆಯಿಟ್ಟು ಮನಸಾರೆ ಅತ್ತೆ. ಅದೇ ವಾರ ಇವರಿಗೆ ಔಷಧಿ ಏರಿಸಿದರು. ಈಗ ತಪ್ಪದೆ ನಡೆಯುತ್ತಿದೆ, ಅಂಗಡಿಗೂ ಹೋಗುತ್ತಾರೆ.

ತೀರ್ಪು ಬಂದ ಕೂಡಲೇ ನಾನು ಮೊದಲು ಫೋನ್ ಮಾಡಿದ್ದು ಕಾಕಾಗೆ.

"ನೀವು ಖರೇ ಹೇಳಿದ್ದಕ್ಕ ಆತ್ರಿ ಕಾಕಾ, ನಾವು ಗೆದ್ವಿ" ಎಂದೆ.

"ಛಲೋ ಆತವಾ" ಎಂದರು. ಆಮೇಲೆ ಮೆಲ್ಲನೆ ಕೇಳಿದರು, "ಅವತ್ತ ನಿಮ್ಮ ಚಿಗವ್ವನ್ನ ಕರಕೊಂಡ ಹೋದಾಗೂ ನಾ ಖರೇನ ಹೇಳಿದ್ನೆಲ್ಲ ಶೈಲಾ?"