ಎನಿಡ್ ಮೈಕ್ ಕಿತ್ತುಕೊಂಡ ಸಂಜೆ

ಹ್ಯಾಲಿಫ್ಯಾಕ್ಸ್ ಮಾರುಕಟ್ಟೆಯಲ್ಲಿ ಎನಿಡ್ ಬರಾಕ್ಲೋಳ ಮಾಂಸದಂಗಡಿ ಗೊತ್ತಿಲ್ಲದವರಿಲ್ಲ. ಗಂಡ ಕ್ಲಿಫರ್ಡ್ ಸತ್ತ ಮೇಲೂ ಕತ್ತಿ ಕೆಳಗಿಡದೆ ದುಡಿದವಳು. ಚಿಕ್ಕಂದಿನಿಂದಲೂ ಅವಳನ್ನು ಆಡಿಕೊಳ್ಳುವ ಮಾತಿನಲ್ಲಿ ಒಂದಲ್ಲ ಒಂದು ಪ್ರಾಣಿ ಇರುತ್ತಿತ್ತು. ಮಾತು ಹೆಚ್ಚೆಂದು ಅಪ್ಪ, "ಇವಳು ಬಾಯ್ಬಿಟ್ರೆ ಕೇಳಿ ಕೇಳಿ ಕತ್ತೆಗೆ ಹಿಂಗಾಲೇ ಕಳಚಿ ಬೀಳತ್ತೆ" ಎನ್ನುತ್ತಿದ್ದ. ಮದುವೆಯಾದ ಹೊಸತರಲ್ಲಿ ಒಂದು ತಟ್ಟೆ ಒಡೆದದ್ದಕ್ಕೆ ಅತ್ತೆ, "ಪಿಂಗಾಣಿ ಅಂಗಡಿಗೆ ಗೂಳಿ ನುಗ್ಗಿದೆ" ಎಂದು ಬಂದವರಿಗೆಲ್ಲ ಹೇಳಿದಳು. ಎದುರಾಡಿದಾಗಲೆಲ್ಲ ಗಂಡನಿಗೆ ಅವಳು ಹಠಮಾರಿ ಹೇಸರಗತ್ತೆ. ಎನಿಡ್ ಎಲ್ಲವನ್ನೂ ನುಂಗಿಕೊಂಡಳು.

ಅರವತ್ತೊಂದನೆಯ ವಯಸ್ಸಿನಲ್ಲಿ ತನಗೆಂದು ಒಂದು ಹಸಿರು ಉಡುಪು ಕೊಂಡಳು. ತೋಳಿಲ್ಲದ್ದು, ಮಂಡಿಗಿಂತ ತುಸು ಮೇಲೆ. ಶನಿವಾರ ಸಂಜೆ ಅದನ್ನು ತೊಟ್ಟು ಕಾರ್ಮಿಕರ ಕ್ಲಬ್ಬಿಗೆ ಕುಣಿಯಲು ಹೋದಳು. ಅಲ್ಲಿ ಮೈಕ್ ಹಿಡಿದಿದ್ದವನು ಮೈದುನ ವಿಲ್ಫ್.

"ನೋಡ್ರಪ್ಪಾ ನಮ್ಮತ್ತಿಗೇನ! ಕುರಿಮರಿ ವೇಷ ಹಾಕ್ಕೊಂಡು ಮುದಿಕುರಿ ಬಂತು!"

ಹರೆಯದವರ ಬಟ್ಟೆ ತೊಟ್ಟ ವಯಸ್ಸಾದ ಹೆಂಗಸನ್ನು ಅಲ್ಲಿಯವರು ಆಡಿಕೊಳ್ಳುವುದೇ ಹಾಗೆ. ಇಡೀ ಕ್ಲಬ್ಬು ಗೊಳ್ಳೆಂದಿತು. ವಿಲ್ಫನ ಹೆಂಡತಿ ಮೋರೀನ್ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

ಎನಿಡ್‌ಳ ಮೈಯೆಲ್ಲ ಉರಿದುಹೋಯಿತು. ನೆಟ್ಟಗೆ ವೇದಿಕೆ ಹತ್ತಿ ಮೈಕ್ ಕಿತ್ತುಕೊಂಡಳು.

"ವಿಲ್ಫ್, ನೀನು ನನಗಿಂತ ದೊಡ್ಡವನು. ಬಿಗಿ ಪ್ಯಾಂಟು, ಎದೆ ಬಿಚ್ಚಿದ ಅಂಗಿ! ನಿನ್ನನ್ನ ಇವರೆಲ್ಲ ಏನಂತಾರೆ? ಬೆಳ್ಳಿನರಿ! ಗಂಡಸಿಗೆ ತಲೆ ನರೆತ್ರೆ ಚೆಲುವ, ಬೆಳ್ಳಿನರಿ. ಹೆಂಗಸಿಗೆ ನರೆತ್ರೆ ಮುದಿಕುರಿನಾ?"

"ತಮಾಷೆಗಂದೆ ಎನಿಡ್, ಇಳಿ ಕೆಳಗೆ."

"ನಿಮ್ಮಮ್ಮ ಗೂಳಿ ಅಂದ್ಲು. ನಿಮ್ಮಣ್ಣ ಹೇಸರಗತ್ತೆ ಅಂದ. ನಿಮ್ಮನೆಯವರ ಬಾಯಲ್ಲಿ ನಾನು ಮನುಷ್ಯಳಾಗಿದ್ದು ಯಾವತ್ತು, ಹೇಳೋ!"

ಅವಳು ಮೈಕನ್ನು ಮೇಜಿನ ಮೇಲೆ ಕುಕ್ಕಿದಳು. ವಾದ್ಯದವರತ್ತ ತಿರುಗಿ, "ಏನ್ ನೋಡ್ತೀರಿ, ಬಾರಿಸ್ರೋ" ಎಂದಳು. ಅವರು ಹೆದರಿಯೇ ಬಾರಿಸಿದರು. ಒಂದಿಡೀ ಹಾಡಿಗೆ ಒಬ್ಬಳೇ, ನೆಲ ಅದುರುವಂತೆ ಕುಣಿದು ಹೊರಟುಹೋದಳು.

ಕ್ಷಮೆ ಕೇಳುವವರೆಗೆ ಬರಕೂಡದೆಂದು ಕ್ಲಬ್ಬಿನವರು ಹೇಳಿಕಳಿಸಿದರು.

"ಕೇಳ್ಬೇಕಾದೋಳು ನಾನಾ?" ಎಂದು ಎನಿಡ್ ಬಂದವನ ಮುಖಕ್ಕೇ ಬಾಗಿಲು ಹಾಕಿದಳು.

ಮಂಗಳವಾರ ಮೋರೀನ್ ಅಂಗಡಿಗೆ ಬಂದಳು. "ಅವರು ನಗಿಸೋಕಂದಿದ್ದು ಕಣೇ, ಮನಸ್ಸಿಗೆ ಹಚ್ಕೋಬೇಡ."

"ನೀನೂ ನಕ್ಕೆ, ಮೋರೀನ್."

ಎನಿಡ್ ಸಾಲಿನಲ್ಲಿ ಅವಳ ಹಿಂದಿದ್ದ ಗಿರಾಕಿಯನ್ನು ಮುಂದೆ ಕರೆದಳು.

ಈಗ ಶನಿವಾರ ಬಸ್ಸು ಹತ್ತಿ ಪಕ್ಕದೂರು ಹಡರ್ಸ್‌ಫೀಲ್ಡಿಗೆ ಹೋಗಿ ಕುಣಿದು ಬರುತ್ತಾಳೆ. ಸಿಟ್ಟಿನ್ನೂ ಇಳಿದಿಲ್ಲ. ಇಳಿಸಿಕೊಳ್ಳುವ ಮನಸ್ಸೂ ಅವಳಿಗಿಲ್ಲ.